ಮಸ್ಕಿಯಲ್ಲಿ ಇಳಿದ ದಿನ

ಸಿಂಧನೂರಿನವರಿಗೆ ಮಸ್ಕಿ ಎಂದರೆ ದಾರಿಯ ಮೇಲಿನ ಊರು. ಲಿಂಗಸುಗೂರು, ಹಟ್ಟಿ, ಮುದಗಲ್ಲು, ಸುರಪುರ, ಎಲ್ಲಿಗೆ ಹೊರಟರೂ ಅದನ್ನು ದಾಟಿಯೇ ಹೋಗಬೇಕು. ನಾನು ಚಿಕ್ಕವಳಿದ್ದಾಗ ಬಸ್ಸು ಅಲ್ಲಿ ನಿಂತ ಸ್ವಲ್ಪ ಹೊತ್ತಿನಲ್ಲೇ ಅಪ್ಪ ಇಳಿದು ಚಹಾ ಕುಡಿದು ಬರುತ್ತಿದ್ದರು. ಅವ್ವ ಕಿಟಕಿಯಿಂದಲೇ ಬಿಸಿ ಮಿರ್ಚಿ ಕೊಂಡು ನಮ್ಮ ಕೈಗೆ ಕೊಡುತ್ತಿದ್ದಳು. ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿಯಾಗಿರುತ್ತಿತ್ತು. ಊರಿನ ಬೆನ್ನಿಗೆ ಒಂದರ ಮೇಲೊಂದು ಏರಿ ಕುಳಿತ ಬಂಡೆಗಳ ಗುಡ್ಡ ಕಾಣುತ್ತಿತ್ತು. ಆ ಗುಡ್ಡದಲ್ಲಿ ಏನಿದೆ ಎಂಬುದನ್ನು ನಮ್ಮ ಮನೆಯಲ್ಲಿ ಬಲ್ಲವರು ಒಬ್ಬರೇ, ನನ್ನ ಕಾಕಾ.

ಕಾಕಾ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತಿದ್ದರು. 1989ರಲ್ಲಿ ಭೀಮಾ ದಂಡೆಯ ಸನ್ನತಿಯಲ್ಲಿ ಅಶೋಕನ ಶಾಸನ ಸಿಕ್ಕಿದೆ ಎಂಬ ಸುದ್ದಿ ಬಂದಾಗ ಅವರು ಅದನ್ನು ಪೇಪರಿನಿಂದ ಕತ್ತರಿಸಿ ಇಟ್ಟುಕೊಂಡಿದ್ದರು. ಊಟಕ್ಕೆ ಕುಳಿತಾಗಲೂ ಅದೇ ಮಾತು. ಸಾರನಾಥದ ಸಿಂಹಗಳ ಚಿತ್ರ ಪಾಠದ ಪುಸ್ತಕದಲ್ಲಿದೆ, ಸಾಂಚಿಯ ಸ್ತೂಪದ ಚಿತ್ರವೂ ಇದೆ, ಆದರೆ ನಮ್ಮ ಬಸ್ಸು ದಿನಾ ನಿಲ್ಲುವ ಊರಿನ ಅಶೋಕನ ಕಲ್ಲಿನ ಬಗ್ಗೆ ಎರಡೇ ಸಾಲು ಇದೆ ಎನ್ನುವುದು ಅವರ ತಕರಾರು. ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದೆ. ಚಳಿಗಾಲದ ಒಂದು ಶನಿವಾರ ರಾತ್ರಿ ಅವರು ಅಂದರು: "ಯವ್ವಾ, ನಾಳೆ ಮಸ್ಕಿಗೆ ಹೋಗಾಣು. ದಾಟಾಕಲ್ಲ, ಇಳಿಯಾಕ."

ಅವ್ವ ಬುತ್ತಿ ಕಟ್ಟಲು ಹೊರಟಳು. ಕಾಕಾ ಬೇಡವೆಂದರು. "ಊರು ನೋಡಾಕ ಹೋಗೋರು ಆ ಊರಾಗ ಉಣ್ಣಬೇಕು ವೈನಿ" ಎಂದರು. ಸಂಜೆ ಹಾಗೆಯೇ ಮುಂದೆ ಲಿಂಗಸುಗೂರಿನ ಅತ್ತೆಯ ಮನೆಗೆ ಹೋಗಿ, ಮರುದಿನ ಮೊದಲ ಬಸ್ಸಿಗೆ ಹಿಂದಿರುಗುವುದೆಂದು ತೀರ್ಮಾನವಾಯಿತು.

ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಬೆಳಗ್ಗೆಯೇ ನಾಲ್ಕು ಭಾಷೆ ಕಿವಿಗೆ ಬೀಳುತ್ತಿದ್ದವು. ನಮ್ಮ ಕನ್ನಡ, ಉರ್ದು, ಕ್ಯಾಂಪುಗಳ ತೆಲುಗು, ಜೊತೆಗೆ ಬಂಗಾಲಿ. ಪೂರ್ವ ಪಾಕಿಸ್ತಾನದಿಂದ ಬಂದು ಇಲ್ಲಿನ ಪುನರ್ವಸತಿ ಕ್ಯಾಂಪುಗಳಲ್ಲಿ ನೆಲೆಸಿದ ಕುಟುಂಬಗಳನ್ನು ನಾವು ಸಂತೆಯಲ್ಲಿ ಬಲ್ಲೆವು. ಅವರ ಹೆಂಗಸರು ಮೀನು ಮಾರುತ್ತ ಕನ್ನಡದಲ್ಲಿ ಚೌಕಾಸಿ ಮಾಡುತ್ತಿದ್ದರು. ಇವರೆಲ್ಲರನ್ನೂ ಇಲ್ಲಿಗೆ ತಂದದ್ದು ನೀರು ಎಂದು ಕಾಕಾ ದಾರಿಯುದ್ದಕ್ಕೂ ಹೇಳುತ್ತಿದ್ದರು. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಆಯಿತು. ಎಡದಂಡೆ ಕಾಲುವೆಯಲ್ಲಿ ನೀರು ಹರಿಯಿತು. ಅಜ್ಜನ ಕಾಲದಲ್ಲಿ ಜೋಳ ಬಿತ್ತುತ್ತಿದ್ದ ಎರೆ ಹೊಲ ಭತ್ತದ ಗದ್ದೆಯಾಯಿತು. ಕೃಷ್ಣಾ, ಗೋದಾವರಿ ದಂಡೆಯ ರೈತರು ಬಂದು ಭೂಮಿ ಕೊಂಡು ಕ್ಯಾಂಪು ಕಟ್ಟಿಕೊಂಡರು. ಅಕ್ಕಿ ಗಿರಣಿಗಳು ಎದ್ದವು. ಕಿಟಕಿಯಾಚೆ ಎರಡನೆಯ ಬೆಳೆಗೆ ಕೆಸರು ಹದ ಮಾಡುತ್ತಿದ್ದ ಟ್ರ್ಯಾಕ್ಟರುಗಳ ಹಿಂದೆ ಬೆಳ್ಳಕ್ಕಿಗಳ ಸಾಲು.

ಅವರು ನನಗೊಂದು ಕೆಲಸ ಕೊಟ್ಟಿದ್ದರು. ಹಸಿರು ಎಲ್ಲಿ ಮುಗಿಯುತ್ತದೆ ನೋಡಿ ಹೇಳಬೇಕು. ಮಸ್ಕಿಯ ಆಸುಪಾಸಿಗೆ ಬಂದಾಗ ಅದು ಕಂಡಿತು. ಗದ್ದೆಗಳು ಬಿಡಿಬಿಡಿಯಾದವು. ನೆಲ ಮೇಲಕ್ಕೆ ಏರತೊಡಗಿತು. ಕಾಲುವೆ ಹತ್ತಲಾರದ ಎತ್ತರದಲ್ಲಿ ತೊಗರಿ, ಹತ್ತಿ, ತೆನೆ ಕಟ್ಟುತ್ತಿದ್ದ ಬಿಳಿಜೋಳ. ನಡುವೆ ನಡುವೆ ಬಂಡೆಗಳು. ಸಿಂಧನೂರಿನ ಬಯಲಿನಲ್ಲಿ ಬೆಳೆದ ನನಗೆ ಅಷ್ಟು ಕಲ್ಲನ್ನು ಒಟ್ಟಿಗೆ ಹತ್ತಿರದಿಂದ ನೋಡಿ ಎದೆ ಹಿಗ್ಗಿತು.

ಇಳಿದವರೇ ಮೊದಲು ಹೋಟೆಲಿಗೆ ಹೋದೆವು. ನಮ್ಮ ಕಡೆ ಬೆಳಗಿನ ತಿಂಡಿ ಎಂದರೆ ಒಗ್ಗರಣಿ ಮಿರ್ಚಿ. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ. ಮಂಡಾಳನ್ನು, ಎಂದರೆ ಮಂಡಕ್ಕಿಯನ್ನು, ನೀರಿಗೆ ಹಾಕಿ, ನೆನೆಯುತ್ತಲೇ ತೆಗೆದು ಎರಡೂ ಅಂಗೈಯಲ್ಲಿ ಹಿಂಡಬೇಕು. ತಡವಾದರೆ ಮುದ್ದೆಯಾಗುತ್ತದೆ, ಬೇಗ ತೆಗೆದರೆ ಒಳಗೆ ಒಣಗಿರುತ್ತದೆ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕರಿಬೇವು, ಅರಿಶಿಣದ ಒಗ್ಗರಣೆಯಲ್ಲಿ ಅದನ್ನು ಹೊರಳಿಸಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿ, ನಿಂಬೆಹಣ್ಣು ಹಿಂಡುತ್ತಾರೆ. ಪಕ್ಕದಲ್ಲಿ ಉದ್ದ ಮೆಣಸಿನಕಾಯಿಯನ್ನು ಸೀಳಿ, ಕಡ್ಲಿಹಿಟ್ಟಿನಲ್ಲಿ ಅದ್ದಿ ಕರಿದ ಮಿರ್ಚಿ. ಆ ಹೋಟೆಲಿನಲ್ಲಿ ಮೆಣಸಿನಕಾಯಿಯ ಹೊಟ್ಟೆಗೆ ಅಜವಾನ, ಉಪ್ಪು, ಹುಣಸಿಹುಳಿ ಸವರುತ್ತಿದ್ದರು. ತಟ್ಟೆ ಇರಲಿಲ್ಲ, ಪೇಪರಿನ ಮೇಲೆಯೇ ಕೊಟ್ಟರು. ಒಲೆಯ ಮುಂದಿದ್ದ ಹಿರಿಯರು ಕಾಕಾನನ್ನು ಕೇಳಿದರು: "ಯಾವೂರಾತ್ರಿ ಮಾಸ್ತರ್ರ ನಿಮ್ದು?" ಮಾಸ್ತರರೆಂದು ಹೇಗೆ ಗೊತ್ತಾಯಿತೋ, ಅಂಗಿಯ ಜೇಬಿನ ಎರಡು ಪೆನ್ನು ಹೇಳಿರಬೇಕು. ಅಶೋಕನ ಶಾಸನ ನೋಡಲು ಬಂದಿದ್ದೇವೆಂದಾಗ ಅವರು ಇನ್ನೊಂದು ಮಿರ್ಚಿ ನನ್ನ ಮುಂದೆ ಇಟ್ಟರು. ಅದಕ್ಕೆ ರೊಕ್ಕ ತೆಗೆದುಕೊಳ್ಳಲಿಲ್ಲ.

ಊರೊಳಗೆ ನಡೆಯುವುದು ಕಾಕಾನ ಪದ್ಧತಿ. ಆಟೋ ಹಿಡಿಯಲಿಲ್ಲ, ದೊಡ್ಡ ರಸ್ತೆಯನ್ನೂ ಬಿಟ್ಟರು. ಓಣಿಗಳಲ್ಲಿ ಕಲ್ಲಿನ ಗೋಡೆಯ ಮಣ್ಣಿನ ಮಾಳಿಗೆ ಮನೆಗಳು, ಮಾಳಿಗೆಯಲ್ಲಿ ಬೆಳಕಿಂಡಿ, ಬಾಗಿಲ ಮುಂದೆ ಕಟ್ಟೆ. ಕಟ್ಟೆಯ ಮೇಲೆ ಸಂಡಿಗೆ ಒಣಗಿಸಿದ ಹೆಂಗಸರು, ಹತ್ತಿ ತೂಕದ ಲೆಕ್ಕ ಮಾಡುತ್ತ ಕುಳಿತ ಗಂಡಸರು. ಊರಿಗೆ ತಗುಲಿ ಮಸ್ಕಿ ಹಳ್ಳ ಹರಿಯುತ್ತದೆ. ಚಳಿಗಾಲದ ಹಳ್ಳದಲ್ಲಿ ಮರಳೇ ಹೆಚ್ಚು, ನೀರು ಒಂದು ಬದಿಗೆ ಸಣ್ಣಗೆ ಸರಿಯುತ್ತಿತ್ತು. ಅದೇ ಹಳ್ಳ ಮಳೆಗಾಲದಲ್ಲಿ ಮನುಷ್ಯರನ್ನೂ ದನಗಳನ್ನೂ ಒಯ್ದದ್ದುಂಟು ಎಂದು ಬಟ್ಟೆ ಒಗೆಯುತ್ತಿದ್ದವರು ಹೇಳಿದರು. ಮನೆಗಳ ಗೋಡೆಯ ಕಲ್ಲು ಮತ್ತು ಗುಡ್ಡದ ಕಲ್ಲು ಒಂದೇ ಎಂಬುದನ್ನು ಕಾಕಾ ಅಂಗೈಯಿಂದ ಮುಟ್ಟಿ ತೋರಿಸಿದರು. ಈ ಊರು ತನ್ನ ಗುಡ್ಡದಿಂದಲೇ ಎದ್ದು ಬಂದಿದೆ.

ದುರ್ಗದ ಗುಡ್ಡದ ಬುಡದಲ್ಲಿ ಆಡು ಮೇಯಿಸುತ್ತಿದ್ದ ಒಬ್ಬ ಮುದುಕಿ ನಮಗೆ ದಾರಿ ತೋರಿಸಿದರು. "ಅಶೋಕನ ಕಲ್ಲು ಅಲ್ಲೈತ್ರಿ, ಆ ದೊಡ್ಡ ಗುಂಡಿನ ಮಗ್ಗಲಾಗ" ಎಂದು ಕೋಲೆತ್ತಿದರು. ನಾವು ಹತ್ತತೊಡಗಿದಾಗ ಅವರೂ ಬಂದರು, ಅವರ ಆಡುಗಳೂ ಬಂದವು. ಬಂಡೆಗಳ ನಡುವೆ ಗವಿಯಂಥ ಒಂದು ಜಾಗ, ಮೇಲೆ ಚಾಚಿಕೊಂಡ ಹಾಸುಬಂಡೆ, ಅದರ ನೆರಳಿನಲ್ಲಿ ಶಾಸನದ ಕಲ್ಲು. ದೊಡ್ಡ ಗೋಪುರವನ್ನೋ ಕಂಬವನ್ನೋ ನಿರೀಕ್ಷಿಸಿ ಹೋದವರು ಇಲ್ಲಿ ಕಣ್ಣು ಹೊಂದಿಸಿಕೊಳ್ಳಬೇಕು. ಕಲ್ಲನ್ನು ನುಣುಪು ಮಾಡಿಲ್ಲ. ಅದರ ಒರಟು ಮೈಮೇಲೆಯೇ ಎಂಟು ಸಾಲು. ಅಲ್ಲಲ್ಲಿ ಅಕ್ಷರ ಸವೆದಿದೆ, ಚಕ್ಕೆ ಎದ್ದಿದೆ. ಕೆಲವು ಕಡೆ ಬರಹ ಎಲ್ಲಿ ಮುಗಿದು ಕಲ್ಲಿನ ಬಿರುಕು ಎಲ್ಲಿ ಶುರುವಾಗಿದೆ ಎಂದು ತಿಳಿಯಲು ಹೊತ್ತು ಬೇಕಾಯಿತು.

ಕಾಕಾ ಚೀಲದಿಂದ ನೋಟುಪುಸ್ತಕ ತೆಗೆದರು. ಅದರಲ್ಲಿ ಎಂಟೂ ಸಾಲುಗಳನ್ನು ಬ್ರಾಹ್ಮಿಯಲ್ಲಿ ಬರೆದುಕೊಂಡು, ಕೆಳಗೆ ಕನ್ನಡ ಅಕ್ಷರ ಹಾಕಿದ್ದರು. ಮೊದಲ ಸಾಲನ್ನು ಬೆರಳು ಮುಟ್ಟಿಸದೆ, ಗಾಳಿಯಲ್ಲೇ ತೋರಿಸುತ್ತ ಓದಿದರು: ದೇವಾನಂಪಿಯಸ ಅಸೋಕಸ. ಬ್ರಾಹ್ಮಿಯ 'ಕ' ಎಂದರೆ ನಮ್ಮ ಕೂಡಿಸುವ ಚಿಹ್ನೆ, ಒಂದು ನಿಂತ ಗೆರೆ, ಒಂದು ಮಲಗಿದ ಗೆರೆ. ಅಷ್ಟು ಗೊತ್ತಾದರೆ ಸಾಕು, ಕಣ್ಣು ಅದನ್ನು ಹುಡುಕಿ ಹಿಡಿಯುತ್ತದೆ. ಹಿಡಿದೆ. ಅದರ ಎಡಕ್ಕೆ 'ಸೋ', ಅದಕ್ಕೂ ಎಡಕ್ಕೆ 'ಅ', ಬಲಕ್ಕೆ 'ಸ'. ಗಣಿತದ ನೋಟುಬುಕ್ಕಿನಲ್ಲಿ ದಿನಾ ಬರೆಯುತ್ತಿದ್ದ ಆ ಗುರುತಿನಿಂದಲೇ ನಮ್ಮ ಕನ್ನಡದ 'ಕ' ತಿರುಗಿ, ಬಳುಕಿ, ತಲೆಕಟ್ಟು ಪಡೆದು ಬಂದಿದೆ ಎಂದು ಕಾಕಾ ಹೇಳಿದಾಗ ನನಗೆ ಆ ಬಂಡೆ ಹತ್ತಿರದ ನೆಂಟರಂತೆ ಕಂಡಿತು.

ಆ ನಾಲ್ಕು ಅಕ್ಷರಗಳ ಬೆಲೆ ಏನೆಂಬುದನ್ನು ಅವರು ಅಲ್ಲೇ ಕುಳಿತು ಹೇಳಿದರು. ನಾನು ಆಮೇಲೆ ಓದಿ ಸೇರಿಸಿಕೊಂಡದ್ದೂ ಇದೆ. ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಓದಿದ್ದು 1837ರಲ್ಲಿ. ದಿಲ್ಲಿಯ ಕಂಬದಲ್ಲಿ, ಗಿರ್ನಾರಿನ ಬಂಡೆಯಲ್ಲಿ, ಒಡಿಶಾದ ಧೌಲಿಯಲ್ಲಿ ಮಾತಾಡುತ್ತಿದ್ದವನು ತನ್ನನ್ನು ದೇವಾನಂಪ್ರಿಯ, ಪ್ರಿಯದರ್ಶಿ ಎಂದು ಕರೆದುಕೊಂಡಿದ್ದ. ಇವನು ಯಾವ ರಾಜ? ಸಿಂಹಳದ ಹಳೆಯ ಪಾಲಿ ಗ್ರಂಥಗಳನ್ನು ಓದುತ್ತಿದ್ದ ಜಾರ್ಜ್ ಟರ್ನೋರ್, ಅಲ್ಲಿ ಪ್ರಿಯದರ್ಶಿ ಎಂದರೆ ಅಶೋಕನೇ ಎಂದು ತೋರಿಸಿದರು. ವಿದ್ವಾಂಸರು ಒಪ್ಪಿದರು. ಆದರೆ ಆ ತನಕ ಸಿಕ್ಕ, ಅವನೇ ಬರೆಸಿದ ಯಾವ ಶಾಸನವೂ ಅಶೋಕ ಎಂಬ ಹೆಸರನ್ನು ಹೇಳಿರಲಿಲ್ಲ. ಮುಕ್ಕಾಲು ಶತಮಾನ ಕಳೆಯಿತು. 1915ರ ಜನವರಿಯಲ್ಲಿ, ಆಗ ನಿಜಾಮರ ರಾಜ್ಯದಲ್ಲಿದ್ದ ಈ ಗುಡ್ಡಕ್ಕೆ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಬಂದರು. ಅವರು ಈ ಸೀಮೆಯಲ್ಲಿ ಅಲೆಯುತ್ತಿದ್ದದ್ದು ಬಂಗಾರದ ಜಾಡು ಹಿಡಿದು. ಹಟ್ಟಿಯಿಂದ ಮಸ್ಕಿಯವರೆಗೆ ಹಬ್ಬಿದ ಶಿಲೆಯ ಪಟ್ಟಿಯಲ್ಲಿ ಚಿನ್ನವಿದೆ ಎಂಬುದು ಹಳೆಯ ಸಂಗತಿ. ಅವರಿಗೆ ಸಿಕ್ಕಿದ್ದು ಈ ಬರಹ. ನಿಜಾಮರ ಪುರಾತತ್ವ ಇಲಾಖೆ ಹುಟ್ಟಿ ಆಗಿನ್ನೂ ಒಂದೇ ವರ್ಷ. ಎಚ್. ಕೃಷ್ಣಶಾಸ್ತ್ರಿಗಳು ಶಾಸನವನ್ನು ಓದಿ, ಅದೇ 1915ರಲ್ಲಿ ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಪುಸ್ತಕವಾಗಿ ಹೊರತಂದರು. ಊಹೆ ಮತ್ತು ಗ್ರಂಥಗಳ ಆಧಾರದ ಮೇಲೆ ನಿಂತಿದ್ದ ಮಾತಿಗೆ ಕಲ್ಲೇ ಸಾಕ್ಷಿ ಹೇಳಿತು.

ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ಪ್ರಿಯದರ್ಶಿ ಮತ್ತು ಅಶೋಕ ಎರಡೂ ಹೆಸರು ಒಟ್ಟಿಗಿರುವ ಶಾಸನ ಸಿಕ್ಕಿತು. ನಮ್ಮ ಸಿಂಧನೂರಿನಿಂದ ಹೊಳೆ ದಾಟಿದರೆ ಸಿಗುವ ಸಿರುಗುಪ್ಪ ತಾಲೂಕಿನ ನಿಟ್ಟೂರು, ಉಡೇಗೋಳಗಳಲ್ಲೂ ಅಶೋಕ ಎಂದೇ ಇದೆ. ಅವನೇ ಬರೆಸಿದ ಶಾಸನಗಳಲ್ಲಿ ಆ ಹೆಸರು ಕಂಡ ಊರುಗಳು ಇಷ್ಟೇ, ಅದರಲ್ಲಿ ಮೂರು ನಮ್ಮ ತುಂಗಭದ್ರೆಯ ಎಡಬಲದಲ್ಲಿವೆ. ಪಾಟಲಿಪುತ್ರದಿಂದ ಇಷ್ಟು ದೂರದ ಕಲ್ಲುನಾಡಿನಲ್ಲಿ ಅವನು ಬಿರುದುಗಳ ಜೊತೆಗೆ ತಾಯಿ ಕರೆದ ಹೆಸರನ್ನೂ ಏಕೆ ಬರೆಸಿದ ಎಂದು ನಾನು ಕೇಳಿದೆ. ಕಾಕಾ ಉತ್ತರ ಹೇಳದೆ ಉಳಿದ ಸಾಲುಗಳಿಗೆ ಹೋದರು.

ಆ ಸಾಲುಗಳ ಸಾರವನ್ನು ಅವರು ಮುದುಕಿಗೂ ನನಗೂ ಕೂಡಿಯೇ ಹೇಳಿದರು, ನಮ್ಮ ಮಾತಿನಲ್ಲಿ. ಅರಸ ಹೇಳುತ್ತಾನೆ, ತಾನು ಬುದ್ಧನನ್ನು ನಂಬಿ ಎರಡೂವರೆ ವರ್ಷದ ಮೇಲಾಯಿತು. ಸಂಘದ ಹತ್ತಿರ ಹೋದ ಮೇಲೆ ಹುರುಪಿನಿಂದ ನಡೆಯುತ್ತಿದ್ದೇನೆ. ಈ ಹಾದಿಯಲ್ಲಿ ಮೇಲೇರುವುದು ದೊಡ್ಡವರಿಗೆ ಮಾತ್ರ ಎಂದು ಯಾರೂ ತಿಳಿಯಬಾರದು, ಧರ್ಮದಲ್ಲಿ ತೊಡಗಿದರೆ ಸಣ್ಣವರಿಗೂ ಅದು ಆಗುತ್ತದೆ. ಸಣ್ಣವರಿಗೂ ದೊಡ್ಡವರಿಗೂ ಇದನ್ನು ತಿಳಿಸಬೇಕು.

ಮುದುಕಿ ಕೋಲಿನ ಮೇಲೆ ಗದ್ದ ಊರಿ ಕೇಳುತ್ತಿದ್ದರು. "ಅಂದ್ರ ನಮ್ಮಂಥೋರಿಗೂ ಬರಸ್ಯಾನೇನ್ರಿ ಮಾಸ್ತರ್ರ?"

"ನಿಮಗಾ ಬರಸ್ಯಾನ್ರಿ ಯಮ್ಮಾ."

"ಹಂಗಾರ ಇನ್ನೊಮ್ಮಿ ಓದಿ ಹೇಳ್ರಿ."

ಕಾಕಾ ಇನ್ನೊಮ್ಮೆ ಓದಿದರು, ಮೊದಲಿಗಿಂತ ನಿಧಾನವಾಗಿ. ತರಗತಿಯಲ್ಲಿ ಅವರು ಪಾಠ ಹೇಳುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ, ಆದರೆ ಅಂಥ ದನಿ ಅಲ್ಲಿ ಕೇಳಿರಲಿಲ್ಲ. ಎಲ್ಲರಿಗೂ ತಿಳಿಸಿ ಎಂದು ಆ ಅರಸ ತನ್ನ ಅಧಿಕಾರಿಗಳಿಗೆ ಕೊಟ್ಟ ಕೆಲಸ ಅಂದು ಆ ನೆರಳಿನಲ್ಲಿ ನಡೆಯಿತು. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹೆಚ್ಚು ಕಾಲದ ಮೇಲೆ, ಆಡು ಕಾಯುವವರೊಬ್ಬರ ಮುಂದೆ. ಮಸ್ಕಿಯನ್ನು ನಾನು ಇಷ್ಟಪಡುವುದು ಇದಕ್ಕಾಗಿ. ಅಲ್ಲಿ ಚರಿತ್ರೆಗೂ ಜನಕ್ಕೂ ನಡುವೆ ಟಿಕೆಟಿನ ಕಿಟಕಿ ಇರಲಿಲ್ಲ. ಕಲ್ಲು ಅವರ ಮೇವಿನ ಗುಡ್ಡದಲ್ಲೇ ಇತ್ತು, ಅದರ ಹೆಸರು ಅವರ ಬಾಯಲ್ಲಿ ಇತ್ತು. ಇಲ್ಲದ್ದು ಒಂದೇ, ಅದರಲ್ಲಿ ಬರೆದದ್ದೇನು ಎಂದು ಅವರ ಮಾತಿನಲ್ಲಿ ಹೇಳುವವರು. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಪ್ರತಿ ಶಾಲೆಯ ಮಗುವೂ ಆ ನಾಲ್ಕು ಅಕ್ಷರಗಳನ್ನು ಬರೆಯಲು ಕಲಿಯಬೇಕು ಎಂದು ಅಂದೇ ಅನಿಸಿತ್ತು, ಇಂದೂ ಅದನ್ನೇ ಹೇಳುತ್ತೇನೆ. ಅದಕ್ಕೆ ದೊಡ್ಡ ಯೋಜನೆ ಬೇಡ, ಒಂದು ಪೀರಿಯಡ್ ಸಾಕು.

ಅಲ್ಲಿಂದ ಮಲ್ಲಯ್ಯನ ಗುಡಿಗೆ. ಬೆಟ್ಟದ ಮೇಲಿನ ಮಲ್ಲಿಕಾರ್ಜುನ ಈ ಸೀಮೆಯ ಮನೆದೇವರು. ಶ್ರೀಶೈಲಕ್ಕೆ ಹೋಗಲಾಗದವರು ಮಸ್ಕಿ ಮಲ್ಲಯ್ಯನಿಗೆ ನಡೆದುಕೊಳ್ಳುತ್ತಾರೆ. ಮೆಟ್ಟಿಲು ಹತ್ತುವಾಗ ಕಾಕಾ ಮಾತು ನಿಲ್ಲಿಸಿದರು, ಉಸಿರು ಸಾಲದೆ. ಮೇಲಿನಿಂದ ಒಂದು ಕಡೆ ಸಿಂಧನೂರಿನ ದಿಕ್ಕಿನ ಹಸಿರು, ಇನ್ನೊಂದು ಕಡೆ ಲಿಂಗಸುಗೂರಿನ ದಿಕ್ಕಿನ ಕಂದು ನೆಲ, ಎರಡೂ ಒಮ್ಮೆಲೇ ಕಂಡವು. ಬೆಳಗ್ಗೆ ಬಸ್ಸಿನ ಕಿಟಕಿಯಲ್ಲಿ ನಾನು ಹುಡುಕಿದ ಗಡಿ ಅಲ್ಲಿಂದ ಗೆರೆ ಎಳೆದಷ್ಟು ಸ್ಪಷ್ಟವಾಗಿತ್ತು.

ಇಳಿಯುವಾಗ ಹೊಲದ ಬದುವಿನಲ್ಲಿ ಮಡಕೆಯ ಚೂರುಗಳನ್ನು ತೋರಿಸಿದರು. ಕೆಲವು ಕಪ್ಪು, ಕೆಲವು ಕೆಂಪು, ಕೆಲವು ಒಂದು ಮಗ್ಗಲು ಕಪ್ಪು, ಇನ್ನೊಂದು ಮಗ್ಗಲು ಕೆಂಪು. ಮಸ್ಕಿಯಲ್ಲಿ ಅಶೋಕನೇ ತಡವಾಗಿ ಬಂದವನು. ಭೂಗರ್ಭ ಶಾಸ್ತ್ರಜ್ಞ ರಾಬರ್ಟ್ ಬ್ರೂಸ್ ಫೂಟ್ 19ನೆಯ ಶತಮಾನದಲ್ಲೇ ಇಲ್ಲಿ ಆದಿಮಾನವರ ಕಲ್ಲಿನ ಉಪಕರಣಗಳನ್ನು ಗುರುತಿಸಿದ್ದರು. ನಿಜಾಮರ ಕಾಲದಲ್ಲಿ ಉತ್ಖನನ ನಡೆಯಿತು. 1954ರಲ್ಲಿ ಭಾರತೀಯ ಪುರಾತತ್ವ ಇಲಾಖೆಯ ಬಿ.ಕೆ. ಥಾಪರ್ ಅಗೆಸಿದಾಗ ಪದರ ಪದರವಾಗಿ ಊರು ಎದ್ದು ಬಂತು. ತಳದಲ್ಲಿ ಕಲ್ಲಿನ ಅಲಗು ಮತ್ತು ತಾಮ್ರ ಬಳಸುತ್ತಿದ್ದವರು, ಅವರ ಮೇಲೆ ಕಬ್ಬಿಣ ಬಲ್ಲ ಬೃಹತ್ ಶಿಲಾಯುಗದವರು, ಅದರ ಮೇಲೆ ಅಶೋಕನ ನಂತರದ ಶತಮಾನಗಳವರು, ತುದಿಗೆ ಮಧ್ಯಯುಗದವರು. ಅಗೇಟು, ಕಾರ್ನೀಲಿಯನ್ ಕಲ್ಲಿನ ಮಣಿಗಳು ಸಿಕ್ಕವು, ಸಮುದ್ರದಿಂದ ಇಷ್ಟು ದೂರದ ಊರಿನಲ್ಲಿ ಚಿಪ್ಪು ಮತ್ತು ಹವಳದ ಮಣಿಗಳೂ ಸಿಕ್ಕವು. ಆಗಲೂ ಮಸ್ಕಿ ದಾರಿಯ ಮೇಲಿನ ಊರೇ ಆಗಿತ್ತು, ದಾರಿಗಳು ಮಾತ್ರ ಕಡಲಿನವರೆಗೆ ಹೋಗುತ್ತಿದ್ದವು. ಮುಂದೆ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಇದು ಮೊಸಂಗಿ. ರಾಜೇಂದ್ರ ಚೋಳ ಚಾಲುಕ್ಯ ಜಯಸಿಂಹನನ್ನು ಮುಶಂಗಿಯಲ್ಲಿ ಸೋಲಿಸಿದೆನೆಂದು ತಮಿಳು ಶಾಸನಗಳಲ್ಲಿ ಹೇಳಿಕೊಂಡಿದ್ದಾನೆ. ಆ ಮುಶಂಗಿ ಈ ಮಸ್ಕಿಯೇ ಎಂಬುದು ಹಲವು ವಿದ್ವಾಂಸರ ಮತ.

ಬೆರಳ ತುದಿಯಷ್ಟಿನ ಒಂದು ಕೆಂಪು ಮಣಿ ನನ್ನ ಕಣ್ಣಿಗೆ ಬಿತ್ತು. ಕಾಕಾ ಅದನ್ನು ಬಿಸಿಲಿಗೆ ಹಿಡಿದು, ನಡುವಿನ ತೂತು ತೋರಿಸಿ, ತೆಗೆದ ಜಾಗದಲ್ಲೇ ಇಡಿಸಿದರು. ಕಿಸೆಗೆ ಹೋದ ಮಣಿ ಬರೀ ಮಣಿ, ಈ ಮಣ್ಣಿನಲ್ಲಿದ್ದರೆ ಅದು ಊರಿನ ಮಾತು ಎಂದರು. ಮಧ್ಯಾಹ್ನ ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು, ಶೇಂಗಾ ಹಿಂಡಿ, ಗಟ್ಟಿ ಮೊಸರು. ಕಾಲುವೆಯ ಊರಿನಿಂದ ಬಂದ ನಾನು ಮನೆಯಲ್ಲಿ ಅನ್ನ ಉಂಡು ಬೆಳೆದವಳು. ಒಣಭೂಮಿಯ ಜೋಳದ ರುಚಿ ಬೇರೆ ಎಂದು ನಾಲಿಗೆಗೆ ಗೊತ್ತಾದದ್ದು ಅಲ್ಲೇ.

ಸಂಜೆಗೆ ಲಿಂಗಸುಗೂರು. ಕತ್ತಲಾಗುವ ಮೊದಲು ಕಾಕಾ ಛಾವಣಿಯ ಕಡೆ ಸುತ್ತು ಹಾಕಿಸಿದರು. ಹೈದರಾಬಾದ್ ಕಂಟಿಂಜೆಂಟ್ ಪಡೆ ಬೀಡುಬಿಟ್ಟಿದ್ದ ಜಾಗ ಅದು, ಹೆಸರು ಇನ್ನೂ ಜನರ ಬಾಯಲ್ಲಿದೆ. 1905ರವರೆಗೆ ಲಿಂಗಸುಗೂರು ಒಂದು ಜಿಲ್ಲೆಯೇ ಆಗಿತ್ತು, ಆಮೇಲೆ ಅದನ್ನು ಒಡೆದರು. ನನಗೆ ಕಾಲು ನೋಯುತ್ತಿತ್ತು, ಹೆಚ್ಚು ನೋಡಲಿಲ್ಲ.

ಅತ್ತೆಯ ಮನೆಯ ರಾತ್ರಿ ನೆನಪಿದೆ. ಮಾವ ಹಟ್ಟಿ ಚಿನ್ನದ ಗಣಿಯಲ್ಲಿ ಕೆಲಸಗಾರರು, ಆ ಹೊತ್ತಿಗೆ ಶಿಫ್ಟ್ ಮುಗಿಸಿ ಬಂದಿದ್ದರು. ಊಟಕ್ಕೆ ಕುಳಿತಾಗ ಕಾಕಾ ಸುವರ್ಣಗಿರಿಯ ಮಾತು ತೆಗೆದರು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನ ಸುವರ್ಣಗಿರಿಯಿಂದ ಬಂದ ಆಜ್ಞೆಯೆಂದು ಶುರುವಾಗುತ್ತದೆ. ಅದು ಮೌರ್ಯರ ದಕ್ಷಿಣ ಪ್ರಾಂತದ ರಾಜಧಾನಿ. ಕೆಲವರು ಕನಕಗಿರಿ ಎನ್ನುತ್ತಾರೆ, ಕೆಲವರು ಆಂಧ್ರದ ಜೊನ್ನಗಿರಿ, ಮತ್ತೆ ಕೆಲವರು ಮಸ್ಕಿ. ಮಸ್ಕಿಯೇ ಎಂಬುದು ಕಾಕಾನ ಪಕ್ಷ. ಮಾವನಿಗೆ ಶಾಸನ ಗೊತ್ತಿರಲಿಲ್ಲ, ಬಂಗಾರ ಗೊತ್ತಿತ್ತು. ಒಂದು ಟನ್ ಕಲ್ಲು ಒಡೆದು ಪುಡಿ ಮಾಡಿದರೆ ಸಿಗುವುದು ಕೆಲವೇ ಗ್ರಾಂ ಎಂದು ಲೆಕ್ಕ ಹೇಳಿದರು. ಹಟ್ಟಿಯ ನೆಲದಡಿಯಲ್ಲಿ ಹಳೆಯ ಕಾಲದವರು ತೋಡಿದ ಕುಣಿಗಳಿವೆ, ಅವರು ಬಂಡೆಗೆ ಬೆಂಕಿ ಹಚ್ಚಿ ಕಾಯಿಸಿ, ಬಿರುಕು ಬಿಡಿಸಿ ಅಗೆಯುತ್ತಿದ್ದರು ಎಂದರು. "ಸಿಡಿಮದ್ದಿಲ್ಲ, ಕರೆಂಟಿಲ್ಲ. ಆ ಮಂದಿ ಹೆಂಗ ಇಳಿದ್ರೋ ಏನೋ" ಎಂದಾಗ ಅವರ ದನಿಯಲ್ಲಿ ಹಿರಿಯರ ಬಗ್ಗೆ ಇರುವಂಥ ಗೌರವವಿತ್ತು. ನಮ್ಮ ಅತ್ತೆ "ತಮ್ಮಾ, ನಿನ್ನ ಅಶೋಕ ನಾಳಿಗೂ ಇರ್ತಾನ, ಮೊದಲ ಉಣ್ಣು" ಎಂದು ಮತ್ತೊಂದು ರೊಟ್ಟಿ ಹಾಕಿದಳು. ವಾದ ಮಾತ್ರ ಮಲಗುವವರೆಗೂ ನಡೆಯಿತು.

ಮಸ್ಕಿ ಈಗ ತಾಲೂಕು ಕೇಂದ್ರ. ಬಸ್ಸು ದಾಟುವ ರಸ್ತೆ ರಾಷ್ಟ್ರೀಯ ಹೆದ್ದಾರಿ 150ಎ ಆಗಿದೆ. ಶಾಸನದ ಕಲ್ಲಿಗೆ ಕಬ್ಬಿಣದ ರಕ್ಷಣೆ ಬಂದಿದೆ. ಅದು ಬೇಕಾಗಿತ್ತು. ಆಂಡ್ರ್ಯೂ ಬಾವರ್, ಪೀಟರ್ ಜೊಹಾನ್ಸೆನ್ ಎಂಬ ಪುರಾತತ್ವಜ್ಞರು ಹಲವು ವರ್ಷಗಳಿಂದ ಸುತ್ತಲಿನ ಹೊಲ, ಗುಡ್ಡಗಳನ್ನು ನಡೆದು ಸಮೀಕ್ಷೆ ಮಾಡಿದ್ದಾರೆ. 2025ರಲ್ಲಿ ಮಲ್ಲಿಕಾರ್ಜುನ ಬೆಟ್ಟದ ಆಸುಪಾಸಿನ ಅಗೆತದಲ್ಲಿ ಸುಮಾರು 4,000 ವರ್ಷ ಹಳೆಯ ವಸತಿಯ ಕುರುಹುಗಳು ದೊರೆತ ಸುದ್ದಿ ಬಂದಾಗ ಕಾಕಾ ಫೋನು ಮಾಡಿ ಪೂರ್ತಿ ಓದಿ ಹೇಳಿದರು. ಅವರು ನಿವೃತ್ತರಾಗಿ ಬಹಳ ಕಾಲವಾಗಿದೆ, ಆದರೂ ಮನೆಗೆ ಬಂದ ನೆಂಟರನ್ನು ಮಸ್ಕಿಯಲ್ಲಿ ಇಳಿಸದೆ ಬಿಡುವುದಿಲ್ಲ. ನಾನೂ ನನ್ನ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೆ. ಹೋಗುವವರಿಗೆ ನಾನು ಹೇಳುವುದಿಷ್ಟೇ: ಚಳಿಗಾಲದಲ್ಲಿ ಹೋಗಿ, ಬಿಸಿಲೇರುವ ಮೊದಲು ಗುಡ್ಡ ಹತ್ತಿ, ಹೊಟ್ಟೆ ತುಂಬ ಒಗ್ಗರಣಿ ತಿಂದು ಹೊರಡಿ, ಮತ್ತು ಗುಡ್ಡದ ಬುಡದಲ್ಲಿ ಯಾರಾದರೂ ಸಿಕ್ಕರೆ ಮಾತಾಡಿಸಿ.

ಗಣಿಯಿಂದ ನಿವೃತ್ತಿಯಾದ ಮೇಲೆ ಮಾವ ತಾವಾಗಿಯೇ ಕಾಕಾನನ್ನು ಕೇಳಿಕೊಂಡರಂತೆ, ಆ ಕಲ್ಲನ್ನು ತೋರಿಸು ಎಂದು. ಆ ದಿನ ನಾನೂ ಜೊತೆಗಿದ್ದೆ. ಕಾಕಾ ಎಂದಿನಂತೆ ಮೊದಲ ಸಾಲಿನಿಂದ ಓದತೊಡಗಿದರು. ಮಾವ ಕೇಳುತ್ತಲೇ ಅಕ್ಷರಗಳ ಅಂಚನ್ನು, ಗೆರೆಯ ಆಳವನ್ನು ಬಗ್ಗಿ ನೋಡುತ್ತಿದ್ದರು. ಆಯುಷ್ಯವೆಲ್ಲ ಬಂಡೆಯೊಡನೆ ಕಳೆದ ಕಣ್ಣು ಅದು. ಕಾಕಾ ಓದಿ ಮುಗಿಸಿದ ಮೇಲೆ ಅವರು ಹೇಳಿದರು: "ಇದು ಗ್ರಾನೈಟ್ ಕಲ್ಲು ಮಾಸ್ತರ್ರ. ನಾಲ್ಕು ಅಕ್ಷರ ಕೆತ್ತೋದರಾಗ ಉಳಿ ಮೊಂಡಾಗತೈತಿ. ಕೆತ್ತಾವನ ಮಗ್ಗಲಾಗ ಕುಲುಮಿ ಹಾಕ್ಕೊಂಡು ಕಮ್ಮಾರ ಕುಂತಿರಬೇಕು, ಉಳಿ ಕಾಸಿ ಕಾಸಿ ಹದ ಮಾಡಿ ಕೊಡಾಕ."

ಕಾಕಾ ಬಹಳ ಹೊತ್ತು ಕಲ್ಲನ್ನೇ ನೋಡಿದರು. ಇಷ್ಟು ವರ್ಷ ಓದಿಯೂ ಆ ಕಮ್ಮಾರ ತನಗೆ ಕಂಡಿರಲಿಲ್ಲ ಎಂದರು. ಈಗ ಮಸ್ಕಿಗೆ ಯಾರನ್ನು ಕರೆದೊಯ್ದರೂ ಬರೆಸಿದ ಅರಸನ ಬಗ್ಗೆ ಹೇಳಿ, ಕೆತ್ತಿದವನ ಬಗ್ಗೆ ಹೇಳಿ, ಉಳಿ ಹದ ಮಾಡಿದವನ ಬಗ್ಗೆಯೂ ಹೇಳುತ್ತಾರೆ, ಆ ಮಾತು ನಮ್ಮ ಭಾವನವರದು ಎಂದು ಸೇರಿಸುತ್ತಾರೆ.